‘ಕಾಲ್ಡ್’ ಆದಮೇಲೆ ‘ಆ್ಯಸ್’ ಬೇಡ

‘ದಿಸ್ ಪ್ರೋಸೆಸ್ ಈಸ್ ಕಾಲ್ಡ್ ಆ್ಯಸ್ ಫೋಟೋಸಿಂಥೆಸಿಸ್.’ ಈ ವಾಕ್ಯವನ್ನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದವನು ನಾನೇ. ನಾನು ವಿಜ್ಞಾನದ ಮೇಷ್ಟ್ರು; ವ್ಯಾಕರಣ ನನ್ನ ಪಾಲಿನದಲ್ಲವೆಂದು ನೆಮ್ಮದಿಯಾಗಿದ್ದೆ. ಒಂದು ದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಪುಸ್ತಕದಲ್ಲಿ ಆ್ಯಸ್ ಇಲ್ಲವಲ್ಲ?’ ಎಂದಳು. ತೆರೆದು ನೋಡಿದೆ. ನಿಜ, ಇರಲಿಲ್ಲ.

ಈ ತಪ್ಪಿಗೆ ಕಾರಣ ನಮ್ಮ ಕನ್ನಡದ ಅಭ್ಯಾಸ. ‘ದ್ಯುತಿಸಂಶ್ಲೇಷಣೆ ಎಂದು ಕರೆಯುತ್ತಾರೆ’ ಎನ್ನುತ್ತೇವೆ. ಆ ‘ಎಂದು’ವಿಗೆ ಇಂಗ್ಲಿಷಿನಲ್ಲೂ ಒಂದು ಜೋಡಿ ಹುಡುಕಿ ‘ಆ್ಯಸ್’ ತಂದು ಕೂರಿಸುತ್ತೇವೆ. ಆದರೆ ಇಂಗ್ಲಿಷಿನ ಕೆಲವು ಕ್ರಿಯಾಪದಗಳು ಕರ್ಮವನ್ನೂ, ಅದು ಏನು ಅಥವಾ ಹೇಗಿದೆ ಎಂದು ತಿಳಿಸುವ ಪದವನ್ನೂ ಪಕ್ಕಪಕ್ಕದಲ್ಲೇ ಇರಿಸಿಕೊಳ್ಳುತ್ತವೆ. ಈ ಎರಡನೆಯ ಪದವೇ ಕರ್ಮಪೂರಕ. ‘ವಿ ಕಾಲ್ ದಿಸ್ ಗ್ಯಾಸ್ ಆಕ್ಸಿಜನ್’, ‘ಹೀಟ್ ಮೇಕ್ಸ್ ದಿ ಐರನ್ ರೆಡ್’, ‘ಕೀಪ್ ದ ವಿಂಡೋ ಓಪನ್’. ನಡುವೆ ಏನೂ ಬೇಡ.

ಹಾಗೆಂದು ಎಲ್ಲ ಕಡೆಯೂ ‘ಆ್ಯಸ್’ ಅಳಿಸಬೇಡಿ. ‘ರಿಗಾರ್ಡ್’, ‘ಡಿಫೈನ್’, ‘ಡಿಸ್ಕ್ರೈಬ್’, ‘ಕ್ಲಾಸಿಫೈ’ಗಳಿಗೆ ಅದು ಬೇಕು. 2006ರಲ್ಲಿ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದರು. ಇದನ್ನು ‘ದೇ ಕ್ಲಾಸಿಫೈಡ್ ಪ್ಲೂಟೊ ಆ್ಯಸ್ ಎ ಡ್ವಾರ್ಫ್ ಪ್ಲಾನೆಟ್’ ಎಂದು ಬರೆಯಬಹುದು. ‘ದೇ ಕಾಲ್ಡ್ ಪ್ಲೂಟೊ ಎ ಡ್ವಾರ್ಫ್ ಪ್ಲಾನೆಟ್’ ಎಂದೂ ಬರೆಯಬಹುದು. ಸಂಗತಿ ಒಂದೇ, ಕ್ರಿಯಾಪದ ಬೇರೆ.

ಕರ್ಮಪೂರಕವನ್ನು ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ. ಕರ್ಮಕ್ಕೂ ಅದರ ಮುಂದಿನ ಪದಕ್ಕೂ ನಡುವೆ ‘ಈಸ್’ ಇಟ್ಟು ಓದಿ. ‘ಐ ಫೌಂಡ್ ದ ಪೇಪರ್ ಈಸಿ’: ‘ದ ಪೇಪರ್ ಈಸ್ ಈಸಿ’. ಅರ್ಥ ಕೂಡಿತು, ಪ್ರಶ್ನೆಪತ್ರಿಕೆ ಸುಲಭವಾಗಿತ್ತು. ‘ಐ ಫೌಂಡ್ ದ ಪೇಪರ್ ಈಸಿಲಿ’ ಎಂದರೋ, ಎಲ್ಲೋ ಇದ್ದ ಕಾಗದ ಬೇಗ ಕೈಗೆ ಸಿಕ್ಕಿತು! ಒಂದು ‘ಲಿ’ಯಿಂದ ಮಾತೇ ಬದಲಾಯಿತು.

ವಿದ್ಯಾರ್ಥಿಗಳೇ, ಇಂದು ನಿಮ್ಮ ವಿಜ್ಞಾನದ ನೋಟ್ಸ್ ತೆರೆದು ‘ಕಾಲ್ಡ್ ಆ್ಯಸ್’ ಎಷ್ಟು ಕಡೆ ಇದೆ ಎಣಿಸಿ, ತಿದ್ದಿ. ‘ನೋನ್ ಆ್ಯಸ್’ ಸರಿ, ಅದನ್ನು ಮುಟ್ಟಬೇಡಿ.

ಪಾಲಕರಿಗೂ ಒಂದು ಮಾತು. ಮಗು ನಮ್ಮ ತಪ್ಪನ್ನು ತೋರಿಸಿದಾಗ ಸಿಟ್ಟು ಬರುವುದು ಸಹಜ. ಅಂದು ನನಗೂ ಬಂದಿತ್ತು. ಆ ಹುಡುಗಿಯನ್ನು ‘ಅಧಿಕಪ್ರಸಂಗಿ’ ಎಂದು ಗದರಿ ಕೂರಿಸಿದ್ದರೆ ಅವಳು ಮತ್ತೆ ಕೇಳುತ್ತಿರಲಿಲ್ಲ. ನಾನು ಇಂದಿಗೂ ತಪ್ಪನ್ನೇ ಕಲಿಸುತ್ತಿದ್ದೆ.