ಅಡಿಕೆಗೆ ಮಂಡಿ ರೇಟು, ಅಜ್ಜನ ಗಡಿಯಾರಕ್ಕೆ ಹೊಸ್ತಿಲ ರೇಟು

ನಮ್ಮ ಮನೆ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಅದರ ಕೆಳಗೆ ಎರಡು ಅಡಿ ಉದ್ದಕ್ಕೆ ಗೋಡೆಯ ಬಣ್ಣವೇ ಬೇರೆ. ಅಲ್ಲಿ ಅಜ್ಜನ ಗಡಿಯಾರ ಇತ್ತು. ಎರಡು ವರ್ಷದ ಹಿಂದೆ, ಯುಗಾದಿಗೆ ಮನೆ ಗುಡಿಸಿ ಸಾರಿಸುವ ಹೊತ್ತಿಗೆ ಬೈಕಿನಲ್ಲಿ ಬಂದ ಒಬ್ಬನಿಗೆ ಅಮ್ಮ ಅದನ್ನು ಕೊಟ್ಟುಬಿಟ್ಟಳು. ಬೆಲೆ 1,500 ರೂಪಾಯಿ.

ಬಂದವನು ಮೊದಲು ಹಳೇ ಹಿತ್ತಾಳೆ ಪಾತ್ರೆ ಕೇಳಿದನಂತೆ. ಆಮೇಲೆ ತಲೆ ಎತ್ತಿ ಗೋಡೆ ನೋಡಿದ. "ಅಮ್ಮಾ, ನಿಂತ ಗಡಿಯಾರ ಮನೇಲಿ ಇಟ್ಕೋಬಾರ್ದು, ದರಿದ್ರ ಬರುತ್ತೆ. ಒಳಗಿನ ಮಿಷಿನ್ ಹೋಗಿದೆ. ಮರದ ದುಡ್ಡು ಕೊಡ್ತೀನಿ" ಅಂದ. ಅಮ್ಮ ಕೊಟ್ಟಳು. ನಾನು ಊರಿಗೆ ಹೋದಾಗ ಸಿಟ್ಟಾದೆ. ಅವಳು ಸುಮ್ಮನೆ ಕೇಳಿದಳು: "ಅದು ನಿಂತು ಹತ್ತು ವರ್ಷ ಆಗಿತ್ತಲ್ಲೋ. ನೀನೇನು ರಿಪೇರಿ ಮಾಡಿಸಿದ್ಯಾ?"

ಉತ್ತರ ಇರಲಿಲ್ಲ. ತಪ್ಪು ಅಮ್ಮನದಲ್ಲ ಅಂತ ಅವತ್ತೇ ಗೊತ್ತಾಯಿತು.

ಅದೇ ವಾರ ಇನ್ನೊಂದು ನಡೆಯಿತು. ಅಪ್ಪ ರಾಶಿ ಅಡಿಕೆ ತಗೊಂಡು ಮಂಡಿಗೆ ಹೋಗಿದ್ದರು. ಟೆಂಡರ್ ರೇಟು ಕ್ವಿಂಟಲ್‌ಗೆ ಮುನ್ನೂರು ರೂಪಾಯಿ ಕಮ್ಮಿ ಬಂತು ಅಂತ ಒಪ್ಪದೆ, ಚೀಲ ಅಲ್ಲೇ ಇಟ್ಟು ವಾಪಸ್ ಬಂದರು. ಮೂರು ದಿನ ಕಾದು, ನಾಲ್ಕು ಜನರಿಗೆ ಫೋನ್ ಮಾಡಿ, ಶಿವಮೊಗ್ಗದ ರೇಟು, ಭೀಮಸಮುದ್ರದ ರೇಟು ಎರಡೂ ಕೇಳಿ ಆಮೇಲೆ ಮಾರಿದರು. ಮುನ್ನೂರು ರೂಪಾಯಿಗೆ ಮೂರು ದಿನ ಕಾಯುವ ನಮ್ಮ ಮನೆಯವರೇ, ತೊಂಬತ್ತು-ನೂರು ವರ್ಷದ ಗಡಿಯಾರವನ್ನು ಹತ್ತು ನಿಮಿಷದಲ್ಲಿ ಹೊಸ್ತಿಲ ಮೇಲೆ ಮುಗಿಸಿದೆವು.

ನಾನು ಹೇಳಬೇಕೆಂದಿರುವುದು ಇಷ್ಟೇ. ಹಳೇ ವಸ್ತು ಮಾರಬೇಡಿ ಅಂತಲ್ಲ. ಅಡಿಕೆಗೆ, ಮೆಕ್ಕೆಜೋಳಕ್ಕೆ ಬಳಸುವ ಬುದ್ಧಿಯನ್ನೇ ಅಜ್ಜನ ಗಡಿಯಾರಕ್ಕೂ ಬಳಸಿ.

ಹರಾಜು ನಮಗೆ ಹೊಸದಲ್ಲ. ಪಂಚಾಯ್ತಿಯವರು ಕೆರೆ ಏರಿ ಮೇಲಿನ ಹುಣಸೆ ಮರ ಹರಾಜು ಹಾಕುತ್ತಾರೆ. ಗಣಪತಿ ಬಿಡುವ ದಿನ ಹಾರ, ತೆಂಗಿನಕಾಯಿ ಸವಾಲು ಕೂಗುತ್ತಾರೆ. ಐವತ್ತು ರೂಪಾಯಿ ಹಾರ ಐದು ಸಾವಿರಕ್ಕೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಯಾಕೆ ಹೋಗುತ್ತದೆ? ಬೇಕು ಅನ್ನುವವರು ಇಬ್ಬರಾದರೂ ಎದುರುಬದುರು ನಿಂತಿರುತ್ತಾರೆ. ಅದು ಯಾವ ದೇವರ ಮುಂದಿನ ಹಾರ ಅಂತ ಎಲ್ಲರಿಗೂ ಗೊತ್ತಿರುತ್ತದೆ. ದೇಶ-ವಿದೇಶದ ದೊಡ್ಡ ಹರಾಜುಗಳೂ ನಿಂತಿರುವುದು ಈ ಎರಡೇ ಸಂಗತಿಗಳ ಮೇಲೆ.

2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ನಡೆದದ್ದು ಕೇಳಿ. ಅಲ್ಲಿನ ಒಂದು ಸಣ್ಣ ಹರಾಜು ಮನೆಯ ಅಂಚೆ ಪೆಟ್ಟಿಗೆಯಲ್ಲಿ ಯಾರೋ ಒಂದು ಕವರ್ ತುರುಕಿ ಹೋಗಿದ್ದರು. ವಾರಾಂತ್ಯ ಪೂರ್ತಿ ಅದು ಅರ್ಧ ಹೊರಗೆ ಇಣುಕುತ್ತ ಅಲ್ಲೇ ಇತ್ತು. ಒಳಗೆ ಒಂದು ಜೊತೆ ದುಂಡು ಕನ್ನಡಕ. ಇದು ಗಾಂಧಿಯವರದು ಅಂತ ಚೀಟಿ. ಹರಾಜು ಮನೆಯವರು ಫೋನ್ ಮಾಡಿದಾಗ ಅದರ ಯಜಮಾನ, ಬೆಲೆ ಬಾಳದಿದ್ದರೆ ಎಸೆದುಬಿಡಿ ಅನ್ನುವ ರೀತಿ ಮಾತಾಡಿದ್ದ. ಅವರು ಎಸೆಯಲಿಲ್ಲ. ಇನ್ನೂರೋ ಮುನ್ನೂರೋ ಪೌಂಡ್ ಕೊಟ್ಟು ತಾವೇ ಇಟ್ಟುಕೊಳ್ಳಲೂ ಇಲ್ಲ. ಇದು ಸುಮಾರು 15,000 ಪೌಂಡ್ ಆಗಬಹುದು ಅಂತ ಅವನಿಗೇ ತಿಳಿಸಿದರು. ಆಗಸ್ಟ್‌ನಲ್ಲಿ ಹರಾಜು ನಡೆಯಿತು. ಕನ್ನಡಕ 2,60,000 ಪೌಂಡ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿ.

ಆ ಹರಾಜು ಮನೆಯವರು ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಅವರ ವ್ಯಾಪಾರವೇ ಹಾಗಿದೆ. ಹರಾಜು ಮನೆಯವರು ದುಡಿಯುವುದು ಕಮಿಷನ್ ಮೇಲೆ. ಮಾರುವವರಿಂದ ಇಷ್ಟು ಪಾಲು, ಕೊಳ್ಳುವವರಿಂದ ಕೂಗಿದ ಬೆಲೆಯ ಮೇಲೆ ಇನ್ನಷ್ಟು, ಎಷ್ಟೋ ಕಡೆ ಶೇ 20-25. ವಸ್ತು ಹೆಚ್ಚಿಗೆ ಹೋದಷ್ಟೂ ಅವರಿಗೂ ಲಾಭ. ಮನೆ ಬಾಗಿಲಿಗೆ ಬರುವವನದು ತಿರುಗಾ ಲೆಕ್ಕ. ನಿಮಗೆ ಕಮ್ಮಿ ಸಿಕ್ಕಷ್ಟೂ ಅವನಿಗೆ ಹೆಚ್ಚು. ಮಂಡಿ ದಲಾಲರಿಗೂ ತೋಟಕ್ಕೇ ಬಂದು ಚೇಣಿ ಹಿಡಿಯುವವರಿಗೂ ಇರುವ ವ್ಯತ್ಯಾಸ ಇದು. ನಮ್ಮ ರೈತರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಬೈಕಿನವನನ್ನು ನಾನು ಕಳ್ಳ ಅನ್ನುವುದಿಲ್ಲ. ಬಿಸಿಲಲ್ಲಿ ಊರೂರು ಅಲೆಯುತ್ತಾನೆ, ರಿಪೇರಿ ಖರ್ಚು ಹಾಕುತ್ತಾನೆ, ಮಾರುವವರೆಗೆ ಬಂಡವಾಳ ಹೂಡಿ ಕಾಯುತ್ತಾನೆ. ಅವನಿಗೂ ಸಂಸಾರ ಇದೆ. ಆದರೆ ಅವನಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲದಿದ್ದರೆ ಅದು ವ್ಯಾಪಾರ ಆಗುವುದಿಲ್ಲ.

ಇನ್ನು ಬೆಲೆಯ ವಿಚಾರ. ಇಲ್ಲಿ ಆಸೆ ಹುಟ್ಟಿಸುವುದು ಸುಲಭ, ಹಾಗಾಗಿ ನಿಜ ಹೇಳುತ್ತೇನೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಕಾಣುವ ಗೋಡೆ ಗಡಿಯಾರಗಳಲ್ಲಿ ಅಮೆರಿಕದ ಆನ್ಸೋನಿಯಾ, ಸೇಥ್ ಥಾಮಸ್, ಜರ್ಮನಿಯ ಜುಂಗಾನ್ಸ್, ಜಪಾನಿನ ಸೈಕೋಶಾ ಇವೆ. ಇವು ರಾಜರಿಗಾಗಿ ಒಂದೊಂದೇ ಮಾಡಿದವಲ್ಲ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗಿ ಹಡಗು ಹತ್ತಿ ಬಂದವು. ವಾರಕ್ಕೊಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುತ್ತಿದ್ದವು. ಮುಖದ ಮೇಲೆ ಎರಡು ತೂತು. ಒಂದು ಮುಳ್ಳು ನಡೆಸುವ ಸ್ಪ್ರಿಂಗಿಗೆ, ಇನ್ನೊಂದು ಗಂಟೆ ಹೊಡೆಯುವ ಸ್ಪ್ರಿಂಗಿಗೆ. ನಮ್ಮದು ಆನ್ಸೋನಿಯಾ. ಆ ಕಂಪನಿ ಮುಳುಗಿ, 1929ರಲ್ಲಿ ಅದರ ಯಂತ್ರಗಳು ಸೋವಿಯತ್ ರಷ್ಯಾಕ್ಕೆ ಮಾರಾಟವಾದವು. ಅದಕ್ಕೂ ಮುಂಚೆ ತಯಾರಾದ ಗಡಿಯಾರ ನಮ್ಮ ಮನೆಯಲ್ಲಿ ಅಜ್ಜನ ಕಾಲ ದಾಟಿ ನನ್ನ ಕಾಲದವರೆಗೂ ಗಂಟೆ ಹೊಡೆಯಿತು.

ಬೆಂಗಳೂರಿಗೆ ಹೋದಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅದೇ ಮಾದರಿಯ, ರಿಪೇರಿ ಆದ ಗಡಿಯಾರಕ್ಕೆ 18,000 ಹೇಳಿದರು. ಚೌಕಾಸಿ ಮಾಡಿದರೆ ಇಳಿಯುತ್ತಿತ್ತು. ಅಂದರೆ ನಾವು ಲಕ್ಷ ಕಳಕೊಂಡಿಲ್ಲ. ಸರಿಯಾಗಿ ಕೇಳಿದ್ದರೆ ಆರೋ ಏಳೋ ಸಾವಿರ ಸಿಗುತ್ತಿತ್ತೇನೋ. ಬೇಸಿಗೆಯಲ್ಲಿ ಮನೆಗೆ ಅದೂ ದುಡ್ಡೇ.

ಅಂಗಡಿಯವರು ಇನ್ನೊಂದು ಮಾತು ಕೇಳಿದರು. "ಇದನ್ನ ಯಾರು ತಗೊಂಡಿದ್ದು, ಎಲ್ಲಿಂದ, ಏನಾದರೂ ರಸೀದಿ, ಬರಹ ಇದೆಯಾ?"

ಆಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಬರಹ ಇತ್ತು. ಗಡಿಯಾರದ ಪೆಂಡುಲಮ್ ಇರುವ ಬಾಗಿಲು ತೆಗೆದರೆ ಒಳಗೆ ಅಂಟಿಸಿದ ಕಾಗದದ ಮೇಲೆ ಅಜ್ಜ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಮನೆಯಲ್ಲಿ ಮಗು ಹುಟ್ಟಿದಾಗೆಲ್ಲ ಗಡಿಯಾರ ನೋಡಿ ಹೊತ್ತು ಬರೆಯುತ್ತಿದ್ದರು. ನಮ್ಮಪ್ಪನದು ಕಾರ್ತಿಕ ಮಾಸ, ಶುಕ್ರವಾರ, ಬೆಳಗಿನ ಜಾವ 4 ಗಂಟೆ 20 ನಿಮಿಷ. ಅಪ್ಪನ ಆಧಾರ್ ಕಾರ್ಡಿನಲ್ಲಿ ಜೂನ್ 1 ಅಂತ ಇದೆ. ನಮ್ಮೂರಲ್ಲಿ ಅವರ ವಾರಿಗೆಯ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಮೇಷ್ಟ್ರು ಬರೆದ ಹಾಗೆ. ಅಪ್ಪ ಹುಟ್ಟಿದ ನಿಜವಾದ ದಿನ ಇಡೀ ಭೂಮಿ ಮೇಲೆ ಆ ಒಂದೇ ಕಾಗದದ ಮೇಲಿತ್ತು. ಅದೂ 1,500 ರೂಪಾಯಿಯಲ್ಲಿ ಸೇರಿ ಹೋಯಿತು. ತಗೊಂಡವನು ಕೆರೆದು ಪಾಲಿಶ್ ಹಾಕಿರುತ್ತಾನೆ.

ಹರಾಜಿನಲ್ಲಿ ಬೆಲೆ ಕಟ್ಟುವುದೇ ಈ ಕಥೆಗೆ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧಿಯವರ ಜೇಬು ಗಡಿಯಾರ ಹರಾಜಿಗೆ ಬಂತು. ಝೆನಿತ್ ಕಂಪನಿಯದು. ಜೊತೆಗೆ ಅವರ ಕನ್ನಡಕ, ಚಪ್ಪಲಿ, ಒಂದು ಬಟ್ಟಲು, ಒಂದು ತಟ್ಟೆ. 20ರಿಂದ 30 ಸಾವಿರ ಡಾಲರ್ ಅಂತ ಅಂದಾಜು ಹಾಕಿದ್ದರು. ಹೋಗಿದ್ದು 18 ಲಕ್ಷ ಡಾಲರ್‌ಗೆ, ಆಗಿನ 9 ಕೋಟಿ ರೂಪಾಯಿಗೂ ಮೇಲೆ. ಕೊಂಡವರು ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ. ಅದೇ ಕಂಪನಿಯ ಅದೇ ಕಾಲದ ಇನ್ನೊಂದು ಗಡಿಯಾರಕ್ಕೆ ಅಷ್ಟು ದುಡ್ಡು ಯಾರೂ ಕೊಡುವುದಿಲ್ಲ. ದುಡ್ಡು ಬಂದದ್ದು ಅದು ಯಾರ ಸೊಂಟದಲ್ಲಿ ತೂಗುತ್ತಿತ್ತು ಅನ್ನುವುದಕ್ಕೆ.

ನಮ್ಮಜ್ಜ ಗಾಂಧಿ ಅಲ್ಲ ನಿಜ. ಆದರೆ ನಿಯಮ ಒಂದೇ. ಯಾರದು, ಯಾವಾಗ, ಎಲ್ಲಿಂದ ಬಂತು ಅನ್ನುವುದು ಬರಹದಲ್ಲಿದ್ದರೆ ಮಾರುವವರಿಗೆ ನಾಲ್ಕು ಕಾಸು ಹೆಚ್ಚು. ಮಾರದೆ ಇಟ್ಟುಕೊಂಡರೆ ಮನೆಗೆ ಒಂದು ದಾಖಲೆ.

ಹಾಗಂತ ಇನ್ನೊಂದು ಗುಂಡಿಗೆ ಬೀಳಬೇಡಿ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು ಇದ್ದರೆ ಲಕ್ಷಾಂತರ ಸಿಗುತ್ತದೆ ಅನ್ನುವ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ನಂಬಿ ಕರೆ ಮಾಡಿದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ ಅಂತ ನಿಮ್ಮಿಂದಲೇ ಕೀಳುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂದಿದೆ. ಅಕ್ಕಿ ಎಳೆಯುವ ಚೊಂಬು ಅಂತ ಹೊಲ ಅಡವಿಟ್ಟು ಮೋಸ ಹೋದವರ ಸುದ್ದಿಯನ್ನಂತೂ ನಾನೇ ಎಷ್ಟೋ ಸಲ ಬರೆದಿದ್ದೇನೆ. ಒಂದು ಸೂತ್ರ ನೆನಪಿಡಿ: ನಿಮ್ಮ ವಸ್ತು ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದಲೇ ಮುಂಗಡ ಕೇಳಿದರೆ ಅವನು ಮೋಸಗಾರ.

ಕಾನೂನೂ ಸ್ವಲ್ಪ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ, ಚರಿತ್ರೆಯ ಮಹತ್ವ ಇರುವ ವಸ್ತು ಪುರಾತನ ವಸ್ತು. ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಅದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ವಿಗ್ರಹ, ಹಳೇ ಚಿತ್ರಪಟ, ಚಿತ್ರ ಇರುವ ಹಸ್ತಪ್ರತಿಗಳನ್ನು ನೋಂದಾಯಿಸಬೇಕು. ದೇವರ ಮನೆಯ ಹಳೇ ವಿಗ್ರಹ, ಅಟ್ಟದ ಮೇಲಿನ ತಾಳೆಗರಿ ಇವನ್ನು ಬೈಕಿನವನ ಕೈಗೆ ಕೊಡಲೇಬೇಡಿ.

ಮಾರುವುದೇ ಆದರೆ ನಾಲ್ಕು ಕೆಲಸ ಮಾಡಿ.

ಮೊದಲನೆಯದು, ಬಂದವನಿಗೆ "ನಾಳಿದ್ದು ಬಾ" ಅನ್ನಿ. ನಿಜವಾಗಿ ಬೇಕಿದ್ದರೆ ಬರುತ್ತಾನೆ. ನಿಂತ ಗಡಿಯಾರದ ದರಿದ್ರ ಎರಡು ದಿನದಲ್ಲಿ ಹೆಚ್ಚಾಗುವುದಿಲ್ಲ.

ಎರಡನೆಯದು, ಫೋಟೋ ತೆಗೆಯಿರಿ. ಮುಖ, ಬೆನ್ನು, ಒಳಗಿನ ಯಂತ್ರದ ಮೇಲಿನ ಗುರುತು, ಅಂಟಿಸಿದ ಚೀಟಿ ಎಲ್ಲ ಬರಲಿ. ಓದುವ ಮಕ್ಕಳಿಗೆ ಕೊಟ್ಟು ಹುಡುಕಿಸಿ, ಮೂರು ಕಡೆ ರೇಟು ಕೇಳಿ.

ಮೂರನೆಯದು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ವಾರ್ನಿಷ್ ಬಳಿಯಬೇಡಿ. ಹಳೇ ವಸ್ತುವಿನ ಮೇಲಿನ ಕಾಲದ ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮನೆಯ ಹಿರಿಯರನ್ನು ಕೂರಿಸಿ ಆ ವಸ್ತುವಿನ ಕಥೆ ಕೇಳಿ ಬರೆದಿಡಿ, ಇಲ್ಲಾ ಫೋನಿನಲ್ಲಿ ರೆಕಾರ್ಡ್ ಮಾಡಿ. ವಸ್ತು ಹೋದರೂ ಕಥೆ ಉಳಿಯಲಿ.

ಸರ್ಕಾರಕ್ಕೂ ಒಂದು ಮಾತು. ಮೈಸೂರಿನಲ್ಲಿ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆ ಇದೆ. ಪಂಚಾಯ್ತಿಗಳಲ್ಲಿ ಅರಿವು ಕೇಂದ್ರಗಳಿವೆ. ದನಗಳಿಗೆ, ಕಣ್ಣಿಗೆ ತಪಾಸಣೆ ಶಿಬಿರ ಮಾಡುವ ಹಾಗೆ ಹೋಬಳಿಗೆ ವರ್ಷಕ್ಕೊಂದು ದಿನ ಹಳೇ ವಸ್ತುಗಳ ಶಿಬಿರ ಮಾಡಲಿ. ತಿಳಿದವರು ಒಬ್ಬರು ಬಂದು ಕೂತು, ಇದು ಇಂಥ ಕಾಲದ್ದು, ಇದಕ್ಕೆ ಬೆಲೆ ಇದೆ, ಇದಕ್ಕಿಲ್ಲ, ಇದನ್ನು ನೋಂದಾಯಿಸಿ ಅಂತ ಹೇಳಲಿ. ದೊಡ್ಡ ಖರ್ಚೇನೂ ಬೀಳುವುದಿಲ್ಲ. ಎಷ್ಟೋ ವಿಗ್ರಹ, ತಾಳೆಗರಿ ಕಳ್ಳದಾರಿ ಹಿಡಿಯುವುದೂ ತಪ್ಪುತ್ತದೆ.

ಮೊನ್ನೆ ಅಪ್ಪನ ಹತ್ತಿರ ಕೂತು ಅಜ್ಜ ಬರೆದಿದ್ದ ಹೊತ್ತುಗಳನ್ನು ನೆನಪಿಸಿಕೊಂಡು ನೋಟ್‌ಬುಕ್ಕಿಗೆ ಇಳಿಸಿದೆವು. ದೊಡ್ಡಪ್ಪಂದು ಮಧ್ಯಾಹ್ನ, ಅದು ಖಾತ್ರಿ. ಸೋದರತ್ತೆಯರ ಪೈಕಿ ಒಬ್ಬರದು ಮಾತ್ರ ಸಿಕ್ಕಿತು. ಉಳಿದವರದು ಯಾರಿಗೂ ನೆನಪಿಲ್ಲ. ನಿಮ್ಮ ಮನೆಯಲ್ಲಿ ಗಡಿಯಾರ ಇನ್ನೂ ಗೋಡೆ ಮೇಲಿದ್ದರೆ ಇವತ್ತು ಸಂಜೆಯೇ ಅದರ ಬಾಗಿಲು ತೆಗೆದು ನೋಡಿ. ಒಳಗೆ ಏನಾದರೂ ಬರೆದಿರಬಹುದು.