ಬಯಲಿಗಿಳಿಯಲಿ ನಮ್ಮ ಕಾಲೇಜು ಮಕ್ಕಳು

ಆಟಕ್ಕೆ ಸಂಬಂಧಿಸಿದಂತೆ 2025ರಲ್ಲಿ ಎರಡು ಮಹತ್ವದ ನಿರ್ಧಾರಗಳಾದವು. ಜುಲೈ 1ರಂದು ಕೇಂದ್ರ ಸಚಿವ ಸಂಪುಟವು ಹೊಸ ರಾಷ್ಟ್ರೀಯ ಕ್ರೀಡಾ ನೀತಿಗೆ ಒಪ್ಪಿಗೆ ನೀಡಿತು. ಆಗಸ್ಟ್ ತಿಂಗಳಲ್ಲಿ, ಹಣವನ್ನು ಪಣವಾಗಿರಿಸುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ಜೂಜಿನ ಬಾಗಿಲು ಮುಚ್ಚಿದರಷ್ಟೇ ಸಾಲದು. ಯುವಕರಿಗೆ ಬಯಲಿನ ಬಾಗಿಲು ತೆರೆಯಬೇಕು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಆ ಬಾಗಿಲು ಎಷ್ಟು ತೆರೆದಿದೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಬಹುಪಾಲು ಸುತ್ತಲಿನ ಹಳ್ಳಿಗಳವರು. ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಮರಳುವ ಇವರು ತರಗತಿಯಲ್ಲಿಯೂ ತಮ್ಮ ಊರಿನವರ ಪಕ್ಕದಲ್ಲಿಯೇ ಕುಳಿತುಕೊಳ್ಳುವುದು ಸಹಜ. ಹೀಗಾಗಿ ಮೂರು ವರ್ಷ ಒಂದೇ ಸೂರಿನಡಿ ಓದಿಯೂ ಪರಸ್ಪರ ಅಪರಿಚಿತರಾಗಿ ಉಳಿಯುವವರುಂಟು.

ಆಟವು ಈ ಗೋಡೆಯನ್ನು ಸದ್ದಿಲ್ಲದೆ ಒಡೆಯುತ್ತದೆ. ಕಬಡ್ಡಿಯ ಅಂಕಣದಲ್ಲಿ ಏಳು ಜನ ನಿಂತಾಗ, ಎದುರಾಳಿ ಒಳನುಗ್ಗಿದೊಡನೆ ಪಕ್ಕದವನ ಕೈ ಹಿಡಿಯಬೇಕಾಗುತ್ತದೆ; ಆ ಕೈ ಯಾವ ಕೇರಿಯದು, ಯಾವ ಮನೆತನದ್ದು ಎಂದು ವಿಚಾರಿಸಲು ಸಮಯವಿರುವುದಿಲ್ಲ. ಮಾತನಾಡಲು ಅಳುಕುವ ವಿದ್ಯಾರ್ಥಿ ವಾಲಿಬಾಲ್ ಅಂಕಣದಲ್ಲಿ ಚೆಂಡಿಗಾಗಿ ಕೂಗಿ ಕರೆಯಲು ಕಲಿಯುತ್ತಾನೆ. ಸೋತ ಮೇಲೂ ಎದುರಾಳಿಯ ಕೈ ಕುಲುಕುವ ಅಭ್ಯಾಸವಾದರೆ ಪರೀಕ್ಷೆಯ ಸೋಲನ್ನು ಎದುರಿಸುವ ಬಲವೂ ಬರುತ್ತದೆ. ಬಳ್ಳಿಗಾವಿಯ ಅಲ್ಲಮಪ್ರಭುದೇವರು, ಉಡುತಡಿಯ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿ ಇದೇ ನೆಲದಿಂದ ಹೊರಟು ಕಲ್ಯಾಣದ ಅನುಭವ ಮಂಟಪವನ್ನು ಸೇರಿದವರು. ಅಲ್ಲಿ ಹುಟ್ಟು ಕೇಳದೆ ಜೊತೆಯಲ್ಲಿ ಕುಳಿತರು. ಇಲ್ಲಿ ಹುಟ್ಟು ಕೇಳದೆ ಜೊತೆಯಲ್ಲಿ ಆಡಬಹುದು.

ಆದರೆ ಆಟ ಮಾತ್ರದಿಂದಲೇ ಸದ್ಗುಣ ಬಂದುಬಿಡುತ್ತದೆಂದು ನಾವು ಭಾವಿಸುವುದಿಲ್ಲ. ದೀಪಾವಳಿಯಿಂದ ಆರಂಭವಾಗುವ ಕೊಬ್ಬರಿ ಹೋರಿ ಬೆದರಿಸುವ ಹಬ್ಬ ಈ ಭಾಗದ ರೈತರ ಹೆಮ್ಮೆ. ಆದರೂ ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಿ ಆ ಸಂಭ್ರಮದಲ್ಲಿಯೇ ಯುವಕರು ಪ್ರಾಣ ಕಳೆದುಕೊಂಡಿದ್ದಾರೆ. ಬಾಜಿ ಕಟ್ಟುವ ಕ್ರಿಕೆಟ್ ಪಂದ್ಯವು ಸ್ನೇಹಕ್ಕಿಂತ ಜಗಳವನ್ನೇ ಹೆಚ್ಚು ಬೆಳೆಸುತ್ತದೆ. ಊರಿಗೊಂದು, ಕೇರಿಗೊಂದು ತಂಡವಾದರೆ ಇದ್ದ ಬಿರುಕು ಇನ್ನಷ್ಟು ಅಗಲವಾಗುತ್ತದೆ. ಆದ್ದರಿಂದ ತಂಡವನ್ನು ಹೇಗೆ ಕಟ್ಟುತ್ತೇವೆ, ಯಾವುದಕ್ಕಾಗಿ ಆಡಿಸುತ್ತೇವೆ ಎಂಬುದೇ ಮುಖ್ಯ.

ಇನ್ನೊಂದು ಕೊರತೆಯೂ ಇದೆ. ಕಾಲೇಜಿನ ಕ್ರೀಡೆಯೆಂದರೆ ವಿಶ್ವವಿದ್ಯಾಲಯದ ಪಂದ್ಯಾವಳಿಗೆ ಆಯ್ಕೆಯಾದ ಕೆಲವರ ಅಭ್ಯಾಸ ಎಂಬಂತಾಗಿದೆ. ಉಳಿದವರು ಚಪ್ಪಾಳೆ ತಟ್ಟುವ ಪ್ರೇಕ್ಷಕರು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಪದಕ ಗೆಲ್ಲುವವರಿಗೆ ಮಾತ್ರ ಹೇಳಿದ ಮಾತಲ್ಲ. ಹೆಣ್ಣುಮಕ್ಕಳ ಪಾಲಿಗಂತೂ ಮೈದಾನ ಇನ್ನೂ ದೂರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತವಾಯಿತು. ಆದರೆ ಸಂಜೆ ಆಡಲು ನಿಂತರೆ ಊರಿನ ಬಸ್ಸು ತಪ್ಪುವ ಚಿಂತೆ ಉಚಿತ ಟಿಕೆಟ್ಟಿನಿಂದ ತೀರುವುದಿಲ್ಲ.

ಪರಿಹಾರಕ್ಕೆ ಕೋಟಿಗಳ ಕ್ರೀಡಾಂಗಣ ಬೇಕಿಲ್ಲ. ವಾರದಲ್ಲಿ ಎರಡು ದಿನ, ಕಾಲೇಜಿನ ವೇಳೆಯೊಳಗೇ, ಎಲ್ಲರಿಗೂ ಒಂದೊಂದು ಗಂಟೆ ಆಟಕ್ಕೆ ಮೀಸಲಾಗಲಿ. ಬೇರೆ ಬೇರೆ ಊರುಗಳ ಮಕ್ಕಳು ಒಂದೇ ತಂಡದಲ್ಲಿರುವಂತೆ ಚೀಟಿ ಎತ್ತಿ ತಂಡ ರಚಿಸಲಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಉಡುಪು ಬದಲಿಸಲು ಕೋಣೆ, ಕುಡಿಯುವ ನೀರು ದೊರೆಯಲಿ.

ಭಕ್ತಾದಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಜಾತ್ರೆಯ ಪಂದ್ಯಾವಳಿಗೆ ದೊಡ್ಡ ಬಹುಮಾನ ಕೊಡುವ ದಾನಿಗಳು ಆ ಹಣದ ಒಂದು ಪಾಲನ್ನು ಸಮೀಪದ ಕಾಲೇಜಿಗೆ ಚೆಂಡು, ಬಲೆಗಳನ್ನು ಒದಗಿಸಲು ಬಳಸಿದರೆ ಅದೂ ದಾಸೋಹವೇ. ತಂದೆತಾಯಿಗಳು ಮಗಳು ಆಡಲು ಹೊರಟಾಗ ತಡೆಯದಿರಲಿ. ಮಗ ಮೊಬೈಲ್ ಕೆಳಗಿಟ್ಟು ಮೈದಾನಕ್ಕೆ ಹೊರಟಾಗ ಸಮಯ ಹಾಳಾಯಿತೆಂದು ಗದರದಿರಲಿ.