ಕಲ್ಲುಗಣಿಯ ಋಣ



ಕಲ್ಲು ತೆಗೆದು ಮುಗಿದ ಹೊಂಡವನ್ನು ‘ಹಾಳುಭೂಮಿ’ ಎಂದು ಕರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಈ ಮಾತೇ ಅಸತ್ಯ. ಅದು ತಾನಾಗಿ ಹಾಳಾದುದಲ್ಲ, ನಾವು ಹಾಳುಗೆಡವಿದುದು. ಹಾಗೆ ಹೆಸರಿಟ್ಟ ಮೇಲೆ ಅಲ್ಲಿ ಏನನ್ನು ಸುರಿದರೂ ತಪ್ಪಿಲ್ಲವೆಂಬ ಧಾರ್ಷ್ಟ್ಯ ತಾನೇ ಬರುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಗಳಿಗೆ ಮಹಾನಗರದ ಕಸವನ್ನೇ ತುಂಬಲಿಲ್ಲವೆ?

“ಬರೀ ಬಂಡೆಯ ಮೇಲೆ ಏನು ಬೆಳೆದೀತು?” ಎನ್ನುವವರು ಕೆನ್ಯಾ ದೇಶದ ಮೊಂಬಾಸಾ ನಗರದ ಬಳಿಯ ಬಂಬುರಿಯ ಕಡೆಗೆ ನೋಡಲಿ. ಸಿಮೆಂಟಿಗಾಗಿ ಹವಳದ ಸುಣ್ಣಕಲ್ಲನ್ನು ಅಗೆದು ತೆಗೆದ ಅಲ್ಲಿನ ನೆಲದಲ್ಲಿ ಮಣ್ಣೂ ಇರಲಿಲ್ಲ, ನೆರಳೂ ಇರಲಿಲ್ಲ. 1971ರಲ್ಲಿ ರೆನೆ ಹಾಲರ್ ಎಂಬ ಸ್ವಿಟ್ಜರ್ಲೆಂಡ್ ಮೂಲದ ಕೃಷಿತಜ್ಞರು ಸಸಿ ನೆಡಲು ತೊಡಗಿದರು. ಪ್ರಯೋಗಿಸಿದ ಹಲವು ಜಾತಿಗಳಲ್ಲಿ ಗಾಳಿಮರವೇ ಮೊದಲಾದ ಕೆಲವೇ ಬದುಕಿದವು. ಉದುರಿದ ಎಲೆ ಕೊಳೆಯದೆ ರಾಶಿಬಿದ್ದಾಗ ಅವರು ಸಹಸ್ರಪದಿ ಹುಳುಗಳನ್ನು ತಂದುಬಿಟ್ಟರು. ಹುಳು ತಿಂದು ವಿಸರ್ಜಿಸಿದುದೇ ಗೊಬ್ಬರವಾಗಿ, ಗೊಬ್ಬರ ಮಣ್ಣಾಗಿ, ಕ್ರಮೇಣ ಅಲ್ಲಿ ಕಾಡು ತಲೆಯೆತ್ತಿತು. ಹಕ್ಕಿ ಮೃಗಗಳಿಗೆ ನೆಲೆ ದೊರೆಯಿತು. 1984ರಲ್ಲಿ ಜನರಿಗೆ ತೆರೆದ ಆ ವನಕ್ಕೆ ಇಂದು ಹಾಲರರದೇ ಹೆಸರು. ಹುಳುವಿಗೆ ಸಾಧ್ಯವಾದುದು ಯಂತ್ರವುಳ್ಳ ಮನುಷ್ಯನಿಗೆ ಅಸಾಧ್ಯವೆಂದರೆ ನಂಬುವವರಾರು?

ಆದರೆ ಹೊಂಡದ ಅಂಚಿಗೆ ನಾಲ್ಕು ಸಾಲು ನೀಲಗಿರಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವುದು ಪುನರುಜ್ಜೀವನವಲ್ಲ. ಮೊದಲು ತೆಗೆದ ಮೇಲ್ಮಣ್ಣನ್ನು ಕಾಯ್ದಿರಿಸಿ ಮರಳಿ ಹರಡಬೇಕು. ನೀರು ನಿಂತಲ್ಲಿ ಮಕ್ಕಳೂ ದನಕರುಗಳೂ ಜಾರಿ ಬೀಳದಂತೆ ದಡವನ್ನು ಇಳಿಜಾರಾಗಿಸಬೇಕು. ಜನ ಸುಳಿಯದ ಕಡೆ ಒಂದೆರಡು ಕಡಿದಾದ ಗೋಡೆಗಳನ್ನು ಹಾಗೆಯೇ ಉಳಿಸಬೇಕು. ಕೊಂಬಿನ ಗೂಬೆ ಮೊಟ್ಟೆಯಿಡುವುದು ಅಂತಹ ಕಲ್ಲಿನ ಚಾಚುಗಳಲ್ಲಿಯೇ. ಬಿರುಕುಗಳಲ್ಲಿ ಆಲ, ಬಸರಿ, ಗೋಣಿಗಳು ಬೇರೂರಲಿ. ಉಳಿದೆಡೆ ಆಯಾ ಸೀಮೆಯ ಹುಲ್ಲು, ಕಾರೆ, ಕವಳಿಗಳು ಹಬ್ಬಲಿ.

ಇನ್ನೊಂದು ವಂಚನೆಯ ವಿಷಯದಲ್ಲಿಯೂ ಎಚ್ಚರವಿರಲಿ. ಮರ ನೆಟ್ಟೆವು, ಹವಾಮಾನದ ಋಣ ತೀರಿತು ಎಂದು ಹೇಳಿ ಹೊಸ ಗುಡ್ಡಕ್ಕೆ ಸಿಡಿಮದ್ದು ಇಡುವವರುಂಟು. ಮರವೂ ಮಣ್ಣೂ ಇಂಗಾಲವನ್ನು ಹಿಡಿದಿಡುತ್ತವೆ, ನಿಜ. ಆದರೆ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗ ಆಕಾಶಕ್ಕೆ ಸೇರುವ ಇಂಗಾಲದ ಡೈ ಆಕ್ಸೈಡನ್ನೆಲ್ಲ ಆ ಹೊಂಡದ ತೋಪು ಮರಳಿ ಪಡೆಯಲಾರದು. ಹಳೆಯ ಗಾಯಕ್ಕೆ ಮದ್ದು ಹಚ್ಚುವುದು ಹೊಸ ಗಾಯಕ್ಕೆ ಪರವಾನಗಿಯಲ್ಲ.

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಳು ಮತ್ತೆ ನಡೆಯಬೇಕಾದರೆ ನೆಲದ ಪುನಶ್ಚೇತನ ಯೋಜನೆಯನ್ನು ಕೈಗೊಳ್ಳಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ವಿಧಿಸಿತು. ಅದಿರಿಗೆ ಸಲ್ಲುವ ಧರ್ಮ ಜಲ್ಲಿಕಲ್ಲಿಗೆ ಸಲ್ಲದೆ?

ದೂರುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಮ್ಮ ಮಠದ ಕಂಬ, ನಿಮ್ಮ ಮನೆಯ ಹೊಸ್ತಿಲು ಯಾವುದೋ ಬೆಟ್ಟದ ಒಡಲಿನಿಂದ ಬಂದವೇ. ಆದುದರಿಂದ ಇನ್ನು ಮುಂದೆ ಮಠಕ್ಕಾಗಲಿ ಮನೆಗಾಗಲಿ ಕಲ್ಲು ಕೊಳ್ಳುವಾಗ ದರ ಕೇಳುವ ಮೊದಲು, ತೆಗೆದ ಹೊಂಡವನ್ನು ಏನು ಮಾಡುವಿರೆಂದು ಕೇಳಿರಿ. ಉತ್ತರವಿಲ್ಲದವನ ಕಲ್ಲು ನಮಗೆ ಬೇಡ. ಮಠದ ಕಟ್ಟಡಗಳ ಮಟ್ಟಿಗೆ ನಾವು ಈ ನಿಯಮವನ್ನು ಇಂದಿನಿಂದಲೇ ಪಾಲಿಸುತ್ತೇವೆ.